ಬೆಂಗಳೂರಿನ ಚಿಂತೆ ಇರಲಿ, ಹ್ಯಾರೋದ ನೋಟಿಸೂ ಓದಿ

ಹ್ಯಾರೋ, ವೆಂಬ್ಲಿ, ಹೇಯ್ಸ್, ಹೌನ್ಸ್ಲೋ, ಫೆಲ್ತಮ್ ಕಡೆ ಮನೆ ಮಾಡಿಕೊಂಡಿರುವ ಕನ್ನಡದ ಬಂಧುಗಳಿಗೆ,



ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಬೆಂಗಳೂರಿನ ಬಗ್ಗೆ ನಡೆಯುವಷ್ಟು ಜಗಳ ಬೆಂಗಳೂರಿನಲ್ಲೇ ನಡೆಯುತ್ತದೋ ಇಲ್ಲವೋ. ಬೆಳ್ಳಂದೂರು ಕೆರೆಯಲ್ಲಿ ನೊರೆ ಎದ್ದರೆ ಇಲ್ಲಿ ನಮ್ಮ ರಕ್ತ ಕುದಿಯುತ್ತದೆ. ಮಲ್ಲೇಶ್ವರದಲ್ಲಿ ಒಂದು ಹಳೆ ಮನೆ ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸಿದರೆ ಫೆಲ್ತಮ್‌ನಲ್ಲಿ ಕೂತು ಮರುಗುತ್ತೇವೆ. ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಕಾರ್ಪೊರೇಟರುಗಳೇ ಇಲ್ಲದೆ ಊರು ನಡೆಯಿತಲ್ಲ, ಆ ಅನ್ಯಾಯದ ಬಗ್ಗೆ ನಮ್ಮಲ್ಲಿ ಯಾರನ್ನು ಕೇಳಿದರೂ ಅರ್ಧ ಗಂಟೆ ಮಾತಾಡುತ್ತಾರೆ. ಮಾತಾಡಬೇಕಾದ್ದೇ. ಆದರೆ ನೀವು ಈಗ ವಾಸವಿರುವ ವಾರ್ಡಿನ ಕೌನ್ಸಿಲರುಗಳಲ್ಲಿ ಒಬ್ಬರ ಹೆಸರು ಹೇಳಿ ನೋಡೋಣ. ನಿಮ್ಮ ಬೀದಿಯ ದೀಪದ ಕಂಬಕ್ಕೆ ಕೌನ್ಸಿಲ್‌ನವರು ಕಟ್ಟಿಹೋದ ಪ್ಲಾನಿಂಗ್ ನೋಟಿಸನ್ನು ನಿಂತು ಓದಿದವರು ಎಷ್ಟು ಮಂದಿ? ಪ್ಲಾಸ್ಟಿಕ್ ಹೊದಿಕೆಯೊಳಗೆ ಮಳೆ ನೀರು ಇಳಿದು ಮಸಿ ಕದಡಿರುತ್ತದೆ, ಒಪ್ಪಿದೆ. ಆದರೂ ಅದು ಹೇಳುವುದು ಬಹಳ ಸರಳ: ಇಲ್ಲಿ ಇಂಥದ್ದು ಕಟ್ಟಬೇಕೆಂದಿದ್ದಾರೆ, ನಿಮ್ಮ ಅಭಿಪ್ರಾಯವೇನಾದರೂ ಇದ್ದರೆ 21 ದಿನದೊಳಗೆ ತಿಳಿಸಿ. ಈ ಪತ್ರ ಬರೆಯುತ್ತಿರುವುದು ಆ 21 ದಿನಗಳ ಸಲುವಾಗಿ.

ಮೊದಲು ನಾವು ಬಂದು ಕೂತಿರುವ ಜಾಗದ ಕಥೆ. ನಮ್ಮಲ್ಲಿ ಎಷ್ಟೋ ಮಂದಿ ಇವತ್ತಿಗೂ ವಿಳಾಸದಲ್ಲಿ ಮಿಡ್ಲ್‌ಸೆಕ್ಸ್ ಅಂತ ಬರೆಯುತ್ತೇವೆ. ಆ ಹೆಸರಿನ ಜಿಲ್ಲೆ ಆಡಳಿತದ ಲೆಕ್ಕದಲ್ಲಿ 1965ರ ಏಪ್ರಿಲ್ 1ರಂದು ಗ್ರೇಟರ್ ಲಂಡನ್ ಹುಟ್ಟಿದಾಗಲೇ ಹೋಯಿತು; ಈಗ ಉಳಿದಿರುವುದು ಕ್ರಿಕೆಟ್ ತಂಡದಲ್ಲಿ ಮತ್ತು ಲಕೋಟೆಯ ಮೇಲೆ. ಹೋಗುವ ಮುಂಚೆ ಆ ಜಿಲ್ಲೆ ಬೆಳೆದ ವೇಗ ಮಾತ್ರ ನಮ್ಮ ವೈಟ್‌ಫೀಲ್ಡ್‌ಗೆ ಏನೂ ಕಡಿಮೆ ಇರಲಿಲ್ಲ. ಮೆಟ್ರೋಪಾಲಿಟನ್ ರೈಲ್ವೆಯವರು ಹಳಿ ಹಾಕಲೆಂದು ಕೊಂಡ ಜಮೀನಿನಲ್ಲಿ ಮಿಕ್ಕಿದ್ದನ್ನು ಮಾರದೆ ಇಟ್ಟುಕೊಂಡು, 1919ರಲ್ಲಿ ಬೇರೊಂದು ಕಂಪನಿಯನ್ನೇ ಮಾಡಿ, ಅಲ್ಲಿ ಮನೆಗಳ ಬಡಾವಣೆ ಎಬ್ಬಿಸತೊಡಗಿದರು. ಇಡೀ ಸೀಮೆಗೆ 'ಮೆಟ್ರೋ-ಲ್ಯಾಂಡ್' ಅಂತ ಹೆಸರಿಟ್ಟು ಚಂದದ ಕಿರುಪುಸ್ತಕ ಅಚ್ಚು ಹಾಕಿಸಿದರು. ಹಳಿಯೂ ಅವರದೇ, ಮನೆಯೂ ಅವರದೇ, ಬೆಳಿಗ್ಗೆ ಕೆಲಸಕ್ಕೆ ಹೋಗುವ ಟಿಕೆಟ್ಟೂ ಅವರದೇ. ರೇನರ್ಸ್ ಲೇನ್ ನಿಲ್ದಾಣ 1906ರಲ್ಲಿ ಶುರುವಾದಾಗ ಸುತ್ತ ಬರೀ ಹೊಲ. ಚಳಿಗಾಳಿಗೆ 'ನ್ಯುಮೋನಿಯಾ ಜಂಕ್ಷನ್' ಅಂತಲೇ ಅದಕ್ಕೆ ಅಡ್ಡಹೆಸರು. 1930ರಲ್ಲಿ ವರ್ಷಕ್ಕೆ 22 ಸಾವಿರ ಪ್ರಯಾಣಿಕರಿದ್ದ ಆ ನಿಲ್ದಾಣಕ್ಕೆ 1937ರ ಹೊತ್ತಿಗೆ 40 ಲಕ್ಷ. ನಾವು 'ಥರ್ಟೀಸ್ ಸೆಮಿ' ಎಂದು ಅಷ್ಟೊಂದು ದುಡ್ಡು ಸುರಿದು ಕೊಳ್ಳುವ, ಮುಂದೆ ಉಬ್ಬು ಕಿಟಕಿ, ಹಿಂದೆ ಉದ್ದ ತೋಟ ಇರುವ ಮನೆಗಳೆಲ್ಲ ಆ ಏಳೆಂಟು ವರ್ಷಗಳ ಫಸಲು.

ಇನ್ನೊಂದು ಸಂಗತಿಯನ್ನು ಗಮನಿಸಿ. ಆ ಬಿಲ್ಡರುಗಳು ಮನೆ ಮಾತ್ರ ಕಟ್ಟಲಿಲ್ಲ, ನಿಲ್ದಾಣದ ಬಾಯಿಗೇ ಅಂಗಡಿ ಸಾಲು ಕಟ್ಟಿದರು. ಕೆಳಗೆ ಮಳಿಗೆ, ಮೇಲೆ ಮನೆ, ಹಿಂದೆ ಗಾಡಿ ಬರುವ ಓಣಿ. ಕೆಂಟನ್, ಕ್ವೀನ್ಸ್‌ಬರಿ, ರೇನರ್ಸ್ ಲೇನ್ ಎಲ್ಲಿ ಹೋದರೂ ಅದೇ ವಿನ್ಯಾಸ. ಇಲ್ಲಿಯ ಜನ ಅದಕ್ಕೆ 'ಪರೇಡ್' ಅನ್ನುತ್ತಾರೆ. ರೈಲಿಳಿದವರು ಬ್ರೆಡ್ಡು, ತರಕಾರಿ, ಮೊಳೆ, ಔಷಧಿ ಎಲ್ಲ ಕೊಂಡು ನಡೆದು ಮನೆ ಸೇರಲಿ ಅಂತ.

ಆ ಅಂಗಡಿಗಳು ನಮ್ಮ ಜನದ ಕೈಗೆ ಬಂದದ್ದು ಹೇಗೆ? 1964ರವರೆಗೆ ಇಂಗ್ಲೆಂಡಿನಲ್ಲಿ ಎಷ್ಟೋ ಸರಕನ್ನು ತಯಾರಕ ಹೇಳಿದ ಬೆಲೆಗೇ ಮಾರಬೇಕಿತ್ತು. ಆ ವರ್ಷದ ಕಾಯ್ದೆ ಆ ಕಟ್ಟುಪಾಡನ್ನು ಬಹುಮಟ್ಟಿಗೆ ತೆಗೆದುಹಾಕಿತು. ಸಗಟಾಗಿ ಕೊಂಡು ಅಗ್ಗಕ್ಕೆ ಮಾರುವ ಸೂಪರ್‌ಮಾರ್ಕೆಟ್ಟುಗಳ ಮುಂದೆ ಪರೇಡಿನ ಸಣ್ಣ ದಿನಸಿ ಅಂಗಡಿ ಬಾಳಲಿಲ್ಲ. ಬಾಗಿಲು ಹಾಕಿ ಲೀಸ್ ಬಿಟ್ಟುಕೊಡುವವರು ಸಾಲುಗಟ್ಟಿದ ಹೊತ್ತಿಗೆ ಸರಿಯಾಗಿ ಕೀನ್ಯಾ, ಟಾಂಜಾನಿಯಾ ಕಡೆಯಿಂದ ಗುಜರಾತಿ ಕುಟುಂಬಗಳು ಬಂದವು. 1972ರಲ್ಲಿ ಇದಿ ಅಮೀನ್ ಹೊರಗಟ್ಟಿದ ಸುಮಾರು 28 ಸಾವಿರ ಉಗಾಂಡಾ ಏಷ್ಯನ್ನರು ಬಂದರು. ಯಾರಿಗೂ ಬೇಡವಾದ ಲೀಸ್ ಹಿಡಿದು, ಬೆಳಿಗ್ಗೆ ಆರಕ್ಕೆ ತೆಗೆದು ರಾತ್ರಿ ಹತ್ತಕ್ಕೆ ಮುಚ್ಚಿ, ಮಕ್ಕಳನ್ನು ಕೌಂಟರಿನ ಹಿಂದೆ ಓದಿಸಿ ಆ ಸಾಲುಗಳನ್ನು ಉಳಿಸಿದವರು ಅವರು. ಇವತ್ತು ವೆಂಬ್ಲಿಯ ಈಲಿಂಗ್ ರೋಡಿನಲ್ಲಿ ನಾವು ಯುಗಾದಿಗೆ ಬೇವು, ಗೌರಿಹಬ್ಬಕ್ಕೆ ಬಳೆ ಹುಡುಕುವುದು ಅವರು ಹಾಕಿದ ದಾರಿಯಲ್ಲಿ. ನಾವು ಸಾಫ್ಟ್‌ವೇರಿನವರು, ಡಾಕ್ಟರುಗಳು, ಎಲ್ಲ ಸಿದ್ಧವಾದ ಮೇಲೆ ಬಂದವರು. ಈ ಮಾತು ಕೆಲವರಿಗೆ ಹಿಡಿಸಲಿಕ್ಕಿಲ್ಲ, ಇರಲಿ.

ಈಗ ಇದೆಲ್ಲ ಮತ್ತೊಮ್ಮೆ ಬದಲಾಗುತ್ತಿದೆ. ಕಾರಣ ಕಗ್ಗಂಟೇನಲ್ಲ. ಮಿಡ್ಲ್‌ಸೆಕ್ಸ್‌ನ ಹೊಲಗಳು ನುಂಗಿಹೋದ ವೇಗ ಕಂಡು ಬೆಚ್ಚಿದ ಸರ್ಕಾರ 1938ರಲ್ಲಿ ಗ್ರೀನ್ ಬೆಲ್ಟ್ ಕಾಯ್ದೆ ತಂದಿತು, 1944ರಲ್ಲಿ ಪ್ಯಾಟ್ರಿಕ್ ಅಬರ್‌ಕ್ರಾಂಬಿಯ ಯೋಜನೆ ಊರಿನ ಸುತ್ತ ಹಸಿರು ಪಟ್ಟಿ ಎಳೆಯಿತು. ಅಂದಿನಿಂದ ಲಂಡನ್ ಅಗಲಕ್ಕೆ ಹರಡುವಂತಿಲ್ಲ. ಜನ ಮಾತ್ರ ಬರುತ್ತಲೇ ಇದ್ದಾರೆ: 2021ರ ಜನಗಣತಿಯಲ್ಲಿ ನಗರಕ್ಕೆ 88 ಲಕ್ಷ, ಹ್ಯಾರೋಗೆ 2.61 ಲಕ್ಷ, ಹೌನ್ಸ್ಲೋಗೆ 2.88 ಲಕ್ಷ. 2021ರ ಲಂಡನ್ ಪ್ಲಾನ್ ಎಂಬ ನಗರಯೋಜನೆ ಹತ್ತು ವರ್ಷಕ್ಕೆ ಹಾಕಿಕೊಟ್ಟ ಗುರಿಯಲ್ಲಿ ಹ್ಯಾರೋ ಪಾಲು 8,020 ಮನೆ, ಹೌನ್ಸ್ಲೋದು 17,820, ಈಲಿಂಗ್‌ದು 21,570, ಬ್ರೆಂಟ್‌ದು 23,250. ಜಾಗ ಎಲ್ಲಿಂದ ಬರಬೇಕು? ಕಾರ್ಖಾನೆ ಮುಚ್ಚಿದ ಕಡೆ, ಕಾರ್ ಪಾರ್ಕಿನ ಮೇಲೆ, ಸೂಪರ್‌ಮಾರ್ಕೆಟ್ಟಿನ ತಲೆಯ ಮೇಲೆ. 1891ರಿಂದ ಹ್ಯಾರೋದಲ್ಲಿದ್ದ ಕೊಡ್ಯಾಕ್ ಕಾರ್ಖಾನೆ 2016ರಲ್ಲಿ ನಿಂತಿತು, ಅಲ್ಲೀಗ ಫ್ಲ್ಯಾಟುಗಳು. ಹೇಯ್ಸ್‌ನಲ್ಲಿ ಕಾಫಿ ವಾಸನೆ ಬೀರುತ್ತಿದ್ದ ನೆಸ್ಲೆ 2014ರಲ್ಲಿ ಹೊರಟಿತು, ಅಲ್ಲೂ ಫ್ಲ್ಯಾಟುಗಳು. ಪೆರಿವೇಲ್‌ನ ಹೂವರ್ ಕಟ್ಟಡವನ್ನಂತೂ ಎ40ರಲ್ಲಿ ಹೋಗುವಾಗ ನೀವೆಲ್ಲ ನೋಡಿದ್ದೀರಿ, ಬಿಳಿ ಅರಮನೆಯ ಹಾಗಿದೆ. 1930ರ ದಶಕದಲ್ಲಿ ವ್ಯಾಕ್ಯೂಮ್ ಕ್ಲೀನರ್ ಕಾರ್ಖಾನೆ, 1992ರಲ್ಲಿ ಅದರ ಬೆನ್ನಿಗೆ ಟೆಸ್ಕೊ, ಈಗ ಮುಂಭಾಗದೊಳಗೆ ಫ್ಲ್ಯಾಟು. ಈ ಕಡೆಯ ನೂರು ವರ್ಷದ ಚರಿತ್ರೆ ಬೇಕಾದವರು ಆ ಒಂದು ಕಟ್ಟಡದ ಮುಂದೆ ಗಾಡಿ ನಿಲ್ಲಿಸಿದರೆ ಸಾಕು.

ಇನ್ನು ಮಾಲ್‌ಗಳ ವಿಷಯ. ಬ್ರೆಂಟ್ ಕ್ರಾಸ್ 1976ರ ಮಾರ್ಚಿನಲ್ಲಿ ತೆರೆದಾಗ, ಕಾರಿನಲ್ಲಿ ಬಂದು ಸೂರಿನಡಿ ಸುತ್ತಾಡಿ ಹೋಗುವ ಅಷ್ಟು ದೊಡ್ಡ ಅಂಗಡಿ ಸಂತೆ ಈ ದೇಶಕ್ಕೆ ಹೊಸದು. ಊರ ನಡುವಿನ ಅಂಗಡಿ ಬೀದಿಗಳು ಸೊರಗುವುದನ್ನು ನೋಡಿ ನೋಡಿ 1996ರಲ್ಲಿ ಸರ್ಕಾರವೇ ಮೊದಲು ಪಟ್ಟಣದ ನಡುವೆ ಜಾಗ ಹುಡುಕಿ, ಸಿಗದಿದ್ದರೆ ಮಾತ್ರ ಹೊರಗೆ ಹೋಗಿ ಎಂದು ನಿಯಮ ಬಿಗಿಮಾಡಿತು. ಹೊತ್ತು ಮೀರಿತ್ತು ಅನ್ನುವುದು ನನ್ನ ಎಣಿಕೆ. 2008ರಲ್ಲಿ ವೈಟ್ ಸಿಟಿಯ ವೆಸ್ಟ್‌ಫೀಲ್ಡ್ ಬಂತು, 2011ರಲ್ಲಿ ಸ್ಟ್ರಾಟ್‌ಫರ್ಡ್‌ದು. ಆಮೇಲೆ ಮಾಲ್ ಕಟ್ಟುವವರ ಕೈಯೇ ಸೋತಿತು: ಬ್ರೆಂಟ್ ಕ್ರಾಸ್ ವಿಸ್ತರಣೆಯನ್ನು 2018ರಲ್ಲಿ ಮುಂದಕ್ಕೆ ಹಾಕಿದರು. ಡೆಬನಮ್ಸ್ 2021ರಲ್ಲಿ ದೇಶದಾದ್ಯಂತ ಬಾಗಿಲು ಹಾಕಿತು, ಹ್ಯಾರೋದ ಮಳಿಗೆಯೂ ಹೋಯಿತು.

ದಕ್ಷಿಣದ ಕ್ರಾಯ್ಡನ್ ಕಥೆಯನ್ನು ಮಾತ್ರ ಸ್ವಲ್ಪ ನಿಧಾನವಾಗಿ ಕೇಳಿ, ಯಾಕೆಂದರೆ ನಮ್ಮ ಕಡೆಯವರು ಇನ್ನೂ 'ನಮಗೂ ಒಂದು ವೆಸ್ಟ್‌ಫೀಲ್ಡ್ ಬಂದಿದ್ದರೆ' ಎಂದು ಕನಸು ಕಾಣುತ್ತಾರೆ. 2013ರಲ್ಲಿ ಎರಡು ದೊಡ್ಡ ಕಂಪನಿಗಳು ಕೈಜೋಡಿಸಿ ಅಲ್ಲಿಯ ವಿಟ್‌ಗಿಫ್ಟ್ ಸೆಂಟರ್ ಎಂಬ ಹಳೆ ಅಂಗಡಿ ಸಂಕೀರ್ಣ ಕೆಡವಿ ನೂರು ಕೋಟಿ ಪೌಂಡಿನ ಮಾಲ್ ಕಟ್ಟುವುದಾಗಿ ಸಾರಿದವು. ಅನುಮತಿ ಸಿಕ್ಕಿತು. ಮೊತ್ತ 140 ಕೋಟಿಗೆ ಏರಿತು. ಯೋಜನೆ ತಿದ್ದಿ ಮತ್ತೊಮ್ಮೆ ಅನುಮತಿ ಸಿಕ್ಕಿತು. ಮಾಲ್ ಬರಲೇ ಇಲ್ಲ. ಇವತ್ತೋ ನಾಳೆಯೋ ಕೆಡವುತ್ತಾರಂತೆ ಎಂಬ ಕಟ್ಟಡದಲ್ಲಿ ಯಾರು ತಾನೆ ಹೊಸ ಲೀಸ್ ಹಿಡಿಯುತ್ತಾರೆ? ಅಂಗಡಿಗಳು ಒಂದೊಂದಾಗಿ ಖಾಲಿಯಾದವು. 2020ರ ನವೆಂಬರಿನಲ್ಲಿ ಕೌನ್ಸಿಲ್ ತಾನೇ ದಿವಾಳಿಯ ಅಂಚಿಗೆ ಬಂದು ಸೆಕ್ಷನ್ 114 ನೋಟಿಸ್ ಹೊರಡಿಸಿತು. 2023ರಲ್ಲಿ ಜೊತೆಗಾರರಲ್ಲಿ ಒಬ್ಬರು ಪಾಲು ಮಾರಿ ಎದ್ದುಹೋದರು. ಅದೇ ಊರಿನ ಸರ್ರೆ ಸ್ಟ್ರೀಟ್ ಸಂತೆಗೆ 1276ರ ಸನ್ನದು ಇದೆ. ತರಕಾರಿ ಗಾಡಿಗಳು ಈಗಲೂ ನಿಲ್ಲುತ್ತವೆ.

ಅಂದರೆ, ಈಗ ಬರುತ್ತಿರುವುದು ಮಾಲ್ ಅಲ್ಲ. ಬರುತ್ತಿರುವುದು ಇಪ್ಪತ್ತು ಅಂತಸ್ತಿನ ಫ್ಲ್ಯಾಟು, ಕೆಳಗೆ ಗಾಜಿನ ಮಳಿಗೆ. ವೆಂಬ್ಲಿ ಪಾರ್ಕ್‌ನಲ್ಲಿ ಸ್ಟೇಡಿಯಂ ಸುತ್ತ 8,500 ಮನೆಗಳ ಲೆಕ್ಕದಲ್ಲಿ ಎದ್ದ ಊರನ್ನು ನೋಡಿ. ಬಹುಪಾಲು ಬಾಡಿಗೆಗೇ ಕಟ್ಟಿದ್ದು. ಅಲ್ಲಿ ಮಾಲೀಕರು ಒಬ್ಬರೇ ಆದ್ದರಿಂದ ಬೀದಿಯನ್ನು ಕಾಳಜಿಯಿಂದ ನೋಡಿಕೊಳ್ಳುತ್ತಾರೆ, 2013ರಿಂದ ಔಟ್‌ಲೆಟ್ ಮಳಿಗೆಗಳೂ ಇವೆ. ಸಣ್ಣ ಯೋಜನೆಗಳಲ್ಲಿ ಹಾಗಿಲ್ಲ. ಮೇಲಿನ ಮನೆಗಳೆಲ್ಲ ತುಂಬಿ ವರ್ಷಗಳಾದರೂ ಕೆಳಗಿನ ಮಳಿಗೆಗೆ ಹಲಗೆ ಹೊಡೆದಿರುತ್ತದೆ, ಅದರ ಮೇಲೆ ನಗುವ ದಂಪತಿಗಳ ಚಿತ್ರ. ಏಕೆ ಗೊತ್ತೆ? ಬಿಲ್ಡರ್ ಒಪ್ಪಿಸುವುದು ಬರೀ ಕಾಂಕ್ರೀಟು ಚಿಪ್ಪು. ನೆಲ, ವೈರಿಂಗು, ಕಕ್ಕಸು, ಹೊಗೆ ಕೊಳವೆ, ಅಂಗಡಿಯ ಮುಖ ಎಲ್ಲ ಬಾಡಿಗೆಗೆ ಬರುವವನೇ ಹಾಕಿಸಿಕೊಳ್ಳಬೇಕು. ಇಡ್ಲಿ ದೋಸೆ ಹೋಟೆಲ್ ಇಡುತ್ತೇನೆ ಅನ್ನುವ ನಮ್ಮ ಹುಡುಗನಿಗೆ ಆ ಖರ್ಚೇ ಜನ್ಮದ ಉಳಿತಾಯ. ಜೊತೆಗೆ, ತೆರಿಗೆಗೆ ಲೆಕ್ಕ ಹಾಕುವ ವಾರ್ಷಿಕ ಮೌಲ್ಯ 12 ಸಾವಿರ ಪೌಂಡಿನೊಳಗಿರುವ ಒಂದೇ ಮಳಿಗೆಯವನಿಗೆ ಬಿಸಿನೆಸ್ ರೇಟ್ಸ್ ಪೂರ್ತಿ ಮಾಫಿ. ಹಳೆ ಪರೇಡಿನ ಸಣ್ಣ ಅಂಗಡಿ ಉಸಿರಾಡುತ್ತಿರುವುದು ಅದರಿಂದ. ಹೊಸ ಮಳಿಗೆ ಎಷ್ಟೋ ಸಲ ಆ ಮಿತಿಯನ್ನು ದಾಟಿರುತ್ತದೆ. ಕೊನೆಗೆ ಬರುವವರು ಯಾರು? ಚೈನ್ ಅಂಗಡಿಯವರು. 1994ರ ಕಾಯ್ದೆಯಂತೆ 280 ಚದರ ಮೀಟರ್ ದಾಟಿದ ಅಂಗಡಿ ಭಾನುವಾರ ಆರು ಗಂಟೆ ಮಾತ್ರ ತೆರೆಯಬಹುದು. ಆ ಅಳತೆಯೊಳಗೇ ಕೂರುವಂತೆ ಅವರು 'ಎಕ್ಸ್‌ಪ್ರೆಸ್', 'ಲೋಕಲ್' ಅಂತ ಮಳಿಗೆ ಮಾಡುತ್ತಾರೆ. ಮೂಲೆಯಂಗಡಿಗೆ ಇದ್ದ ಒಂದೇ ಅನುಕೂಲ, ಭಾನುವಾರ ಸಂಜೆಯ ಹಾಲು ಬ್ರೆಡ್ಡಿನ ವ್ಯಾಪಾರ, ಅದೂ ಹಂಚಿಹೋಯಿತು.

ಹಳೆ ಪರೇಡುಗಳಿಗೆ ಇನ್ನೊಂದು ಕಂಟಕ. 2021ರ ಆಗಸ್ಟಿನಿಂದ ಅಂಗಡಿಯನ್ನು ಮನೆಯಾಗಿಸಲು ಪೂರ್ತಿ ಪ್ಲಾನಿಂಗ್ ಅನುಮತಿ ಬೇಕಿಲ್ಲ, ಕೆಲವೇ ಅಂಶಗಳ ತಪಾಸಣೆ ಸಾಕು. ಮೂರು ತಿಂಗಳಾದರೂ ಖಾಲಿ ಇರಬೇಕು, ಇಷ್ಟು ವಿಸ್ತೀರ್ಣ ಮೀರಬಾರದು ಎಂಬ ಷರತ್ತುಗಳಿದ್ದವು. 2024ರ ಮಾರ್ಚಿನಲ್ಲಿ ಅವೂ ಹೋದವು. ಕೌನ್ಸಿಲ್ ಮನಸ್ಸು ಮಾಡಿದರೆ ಆರ್ಟಿಕಲ್ 4 ಎಂಬ ಆದೇಶದಿಂದ ಆಯ್ದ ಬೀದಿಗಳನ್ನು ಕಾಪಾಡಬಹುದು. ಮನಸ್ಸು ಮಾಡಿಸುವವರು ಬೇಕು.

ಈ ಹಂತದಲ್ಲಿ ನಮ್ಮ ನಮ್ಮಲ್ಲೇ ಎರಡು ಪಂಗಡ ಇರುವುದನ್ನು ಮುಚ್ಚಿಡುವುದು ಬೇಡ. ಹದಿನೈದು ವರ್ಷದ ಹಿಂದೆ ಬಂದು ಮನೆ ಕೊಂಡು ಲಾಫ್ಟ್ ಎತ್ತಿಸಿಕೊಂಡವರು ಹೊಸ ಫ್ಲ್ಯಾಟು ಅಂದ ಕೂಡಲೇ 'ಪಾರ್ಕಿಂಗ್ ಹಾಳಾಗುತ್ತೆ, ಏರಿಯಾ ಕೆಡುತ್ತೆ' ಅನ್ನುತ್ತಾರೆ. ಮೊನ್ನೆ ಮೈಸೂರಿನಿಂದ ಬಂದು ಹೌನ್ಸ್ಲೋದ ಒಂದೇ ಕೋಣೆಗೆ ಅರ್ಧ ಸಂಬಳ ಕೊಡುವ ಹುಡುಗ ಹುಡುಗಿಯರಿಗೆ ಆ ಫ್ಲ್ಯಾಟು ಬೇಕೇ ಬೇಕು. ನಾನು ಆ ಮಕ್ಕಳ ಪಕ್ಷ. ಕಾಕ್‌ಫಾಸ್ಟರ್ಸ್ ನಿಲ್ದಾಣದ ಕಾರ್ ಪಾರ್ಕಿನಲ್ಲಿ ಮನೆ ಕಟ್ಟುವುದನ್ನು 2022ರಲ್ಲಿ ಸಾರಿಗೆ ಮಂತ್ರಿಯೇ ತಡೆದಾಗ ಗೆದ್ದದ್ದು ಕಾರು, ಸೋತದ್ದು ಬಾಡಿಗೆದಾರರು ಎಂದೇ ನನ್ನ ಅಭಿಪ್ರಾಯ. ಆದ್ದರಿಂದ ಎಲ್ಲದಕ್ಕೂ ಅಡ್ಡಗಾಲು ಹಾಕಿ ಎಂದು ನಾನು ಬರೆಯುತ್ತಿಲ್ಲ. ಮನೆ ಬರಲಿ. ಮನೆಯ ಜೊತೆಗೆ ಏನು ಬರಬೇಕು ಎಂದು ಕೇಳುವ ಬಾಯಿ ನಮಗಿರಲಿ.

ಏನು ಕೇಳಬಹುದು? ನಮ್ಮ ಮನೆಗಳನ್ನೇ ನೋಡಿ. ವರ್ಷಕ್ಕೊಮ್ಮೆ ಆರು ತಿಂಗಳ ವೀಸಾದಲ್ಲಿ ಅಪ್ಪ ಅಮ್ಮ ಬರುತ್ತಾರೆ. ನಾವು ಕೆಲಸಕ್ಕೆ ಹೋದ ಮೇಲೆ ಈ ಊರಿನ ಫುಟ್‌ಪಾತು ನಿಜವಾಗಿ ಬಳಸುವವರು ಅವರು. ಹೈ ಸ್ಟ್ರೀಟಿನ ತನಕ ನಡೆದು ಹೋಗುತ್ತಾರೆ. ಕೂರಲು ಬೆಂಚಿಲ್ಲ, ಸಕ್ಕರೆ ಕಾಯಿಲೆಯ ಹಿರಿಯರಿಗೆ ತುರ್ತಿಗೆ ಒಂದು ಕಕ್ಕಸಿಲ್ಲ. ಹಾಗಾಗಿ ಅಜ್ಜಿ ಮನೆ ಬಿಟ್ಟು ಹೊರಡುವುದನ್ನೇ ನಿಲ್ಲಿಸುತ್ತಾರೆ, ವಾರದ ಕೊನೆಗೆ ನಾವು ಕಾರಿನಲ್ಲಿ ಮಾಲ್‌ಗೆ ಕರೆದೊಯ್ಯುತ್ತೇವೆ, ಯಾಕೆಂದರೆ ಅಲ್ಲಿ ಎರಡೂ ಇವೆ. 2021ರ ಲಂಡನ್ ಪ್ಲಾನ್‌ನಲ್ಲಿ ಎಸ್6 ಅಂತ ಒಂದು ನಿಯಮವಿದೆ: ಸಾರ್ವಜನಿಕರು ಬಂದುಹೋಗುವ ದೊಡ್ಡ ಯೋಜನೆಗಳಲ್ಲಿ ಉಚಿತ ಶೌಚಾಲಯ ಇರಬೇಕು. ಇ9 ಅಂತ ಇನ್ನೊಂದು: ಅಂಗಡಿ ಜಾಗ 2,500 ಚದರ ಮೀಟರ್ ದಾಟುವ ಕಡೆ ಸಣ್ಣ ಮಳಿಗೆಗಳಿಗೆ ಅವಕಾಶ ಕೊಡಬೇಕು, ಊರಿಗೆ ಅಗತ್ಯ ಇದೆಯೆಂದು ತೋರಿಸಿದರೆ ಕಡಿಮೆ ಬಾಡಿಗೆಯಲ್ಲಿ. ಅಗತ್ಯ ಇದೆಯೆಂದು ತೋರಿಸಬೇಕಾದವರು ನಾವೇ ತಾನೆ? ಮಳಿಗೆಯನ್ನು ಚಿಪ್ಪಾಗಿ ಬಿಡದೆ ಕೆಲಸ ಮುಗಿಸಿ ಕೊಡಿ, ಮೊದಲ ವರ್ಷಗಳ ಬಾಡಿಗೆ ಮೆಟ್ಟಿಲು ಮೆಟ್ಟಿಲಾಗಿ ಏರಲಿ ಎಂದು ಕೇಳಿದರೆ ಅದು ಅತಿಯಾಸೆಯಲ್ಲ.

ಮತ್ತೆ ಸಭಾಂಗಣ. ನಮ್ಮ ಯುಗಾದಿ, ರಾಜ್ಯೋತ್ಸವ ಎಲ್ಲ ಶಾಲೆಯ ಹಾಲ್‌ನಲ್ಲಿ ನಡೆಯುತ್ತವೆ. ಒಲೆ ಹಚ್ಚುವಂತಿಲ್ಲ, ಬಿಸಿಬೇಳೆಬಾತ್ ಮನೆಯಿಂದ ಡಬ್ಬಗಳಲ್ಲಿ ಬಂದು ತಣ್ಣಗಾಗಿರುತ್ತದೆ, ಕೊನೆಯ ಹಾಡಿನ ಹೊತ್ತಿಗೆ ಕೇರ್‌ಟೇಕರ್ ಬಾಗಿಲಲ್ಲಿ ಬೀಗದ ಕೈ ಆಡಿಸುತ್ತಾ ನಿಂತಿರುತ್ತಾನೆ. ಶನಿವಾರದ ಕನ್ನಡ ತರಗತಿಗೆ ಪ್ರತಿ ವರ್ಷ ಹೊಸ ಕೊಠಡಿಯ ಹುಡುಕಾಟ. 1990ರ ಪ್ಲಾನಿಂಗ್ ಕಾಯ್ದೆಯ ಸೆಕ್ಷನ್ 106ರ ಅಡಿಯಲ್ಲಿ ಕೌನ್ಸಿಲ್ಲು ಬಿಲ್ಡರಿಂದ ಊರಿಗೆ ಬೇಕಾದ್ದನ್ನು ಬರೆಸಿಕೊಳ್ಳುತ್ತದೆ. ಅಡುಗೆಮನೆ ಇರುವ ಸಮುದಾಯ ಭವನವೂ ಆ ಪಟ್ಟಿಗೆ ಸೇರಬಹುದು. ಅದಲ್ಲದೆ ಹೊಸ ಕಟ್ಟಡಗಳಿಂದ ಚದರ ಮೀಟರ್ ಲೆಕ್ಕದಲ್ಲಿ ವಸೂಲಾಗುವ ಸಿಐಎಲ್ ಎಂಬ ಶುಲ್ಕದಲ್ಲಿ ಶೇಕಡಾ 15ರಷ್ಟನ್ನು ಆಯಾ ನೆರೆಹೊರೆಯ ಅಗತ್ಯಕ್ಕೇ, ಅಲ್ಲಿಯವರನ್ನು ಕೇಳಿ ಖರ್ಚು ಮಾಡಬೇಕು. ಊರವರೇ ಸೇರಿ ನೆರೆಹೊರೆ ಯೋಜನೆ ಮಾಡಿಕೊಂಡಿದ್ದರೆ 25. ಬ್ರೆಂಟ್ ಕೌನ್ಸಿಲ್ ಈ ಹಣಕ್ಕೆ ಸ್ಥಳೀಯ ಸಂಘಗಳಿಂದಲೇ ಅರ್ಜಿ ಕರೆಯುತ್ತದೆ.

ಬರೆಯುವಾಗ ಒಂದು ಎಚ್ಚರ. ಮನೆ ಬೆಲೆ ಇಳಿಯುತ್ತದೆ, ಕಿಟಕಿಯಿಂದ ಕಾಣುವ ನೋಟ ಹೋಗುತ್ತದೆ, ನನ್ನ ಅಂಗಡಿಗೆ ಪೈಪೋಟಿಯಾಗುತ್ತದೆ ಎಂದು ಬರೆದರೆ ಕಾಗದ ವ್ಯರ್ಥ. ಕಾನೂನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬೆಳಕಿಗೆ ಅಡ್ಡ, ಸದ್ದು, ವಾಹನ ದಟ್ಟಣೆ, ಬೀದಿಯ ಅಂಗಡಿ ನಷ್ಟ, ಡಾಕ್ಟರ್ ಸರ್ಜರಿಯ ಮೇಲಿನ ಹೊರೆ, ನಿಯಮದ ಉಲ್ಲಂಘನೆ, ಇವನ್ನು ಕೇಳುತ್ತಾರೆ. ಒಬ್ಬರು ಬರೆದದ್ದನ್ನು ಇನ್ನೂರು ಜನ ಫಾರ್ವರ್ಡ್ ಮಾಡುವ ನಮ್ಮ ಅಭ್ಯಾಸ ಇಲ್ಲಿ ಬೇಡ. ನಾಲ್ಕೇ ಸಾಲಾಗಲಿ, ನಿಮ್ಮದೇ ಆಗಿರಲಿ. ಬೆಂಬಲಿಸಿಯೂ ಬರೆಯಬಹುದು ಎಂಬುದನ್ನು ಮರೆಯಬೇಡಿ.

'ನಾವು ಇಲ್ಲಿಯ ಪ್ರಜೆಗಳಲ್ಲವಲ್ಲ' ಎಂದು ಕೆಲವರು ಹಿಂಜರಿಯುತ್ತೀರಿ. ಬೀಗರ ಮನೆಗೆ ಬಂದವರ ಹಾಗೆ ಬಡಿಸಿದ್ದನ್ನು ಉಂಡು ಎದ್ದುಹೋಗುವುದು ನಮಗೆ ರೂಢಿಯಾಗಿದೆ. ಅಭಿಪ್ರಾಯ ತಿಳಿಸಲು ಪ್ರಜೆಯಾಗಿರಬೇಕಿಲ್ಲ. ಇನ್ನೂ ಮುಖ್ಯವಾದದ್ದು, ಭಾರತ ಕಾಮನ್‌ವೆಲ್ತ್ ದೇಶ. 18 ತುಂಬಿದ, ಇಲ್ಲಿರಲು ಸಕ್ರಮ ವೀಸಾ ಇರುವ ಭಾರತೀಯರು ಇಲ್ಲಿಯ ಕೌನ್ಸಿಲ್ ಚುನಾವಣೆಯಲ್ಲೂ ಪಾರ್ಲಿಮೆಂಟ್ ಚುನಾವಣೆಯಲ್ಲೂ ಮತ ಹಾಕಬಹುದು. ವರ್ಕ್ ವೀಸಾದವರೂ, ವಿದ್ಯಾರ್ಥಿಗಳೂ. ಮತಗಟ್ಟೆಯಲ್ಲಿ ಗುರುತಿಗೆ ನಮ್ಮ ನೀಲಿ ಪಾಸ್‌ಪೋರ್ಟ್ ನಡೆಯುತ್ತದೆ. ಇದು ಗೊತ್ತಿಲ್ಲದೆ ಐದಾರು ವರ್ಷ ಕಳೆದವರು ನಮ್ಮಲ್ಲಿ ರಾಶಿ ರಾಶಿ ಇದ್ದಾರೆ.

ಕೌನ್ಸಿಲ್ಲಿನಿಂದ ಏನಾಗುತ್ತದೆ ಅನ್ನುವವರು ಒಮ್ಮೆ ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ಗೆ ಹೋಗಿಬನ್ನಿ. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದ ಬಸವೇಶ್ವರರ ಪುತ್ಥಳಿಯ ಮುಂದೆ ನಾವೆಲ್ಲ ಫೋಟೋ ತೆಗೆಸಿಕೊಂಡಿದ್ದೇವೆ. ಅದರ ಹಿಂದಿದ್ದ ಡಾ. ನೀರಜ್ ಪಾಟೀಲರು ಕಲಬುರಗಿ ಕಡೆಯವರು, ಲ್ಯಾಂಬೆತ್ ಕೌನ್ಸಿಲರಾಗಿ, 2010-11ರಲ್ಲಿ ಅಲ್ಲಿಯ ಮೇಯರಾಗಿ ಕೆಲಸ ಮಾಡಿದವರು. ಯಾವ ಅರ್ಜಿ ಯಾವ ಮೇಜಿಗೆ ಹೋಗಬೇಕು ಎಂಬುದು ಗೊತ್ತಿದ್ದವರು ಬೆನ್ನು ಹತ್ತಿದ್ದರಿಂದ ಆ ಜಾಗ ಸಿಕ್ಕಿತು. ಬರೀ ಅಭಿಮಾನಕ್ಕೆ ಸಿಗುತ್ತಿರಲಿಲ್ಲ.

ಈಗ ನನ್ನ ಬೇಡಿಕೆ. ಮುಂದಿನ ರಾಜ್ಯೋತ್ಸವಕ್ಕೆ ಹಾಲ್ ಬುಕ್ ಮಾಡುವ ಸಂಘದವರು ಚೀಟಿ ಹರಿಯುವ ಮೇಜಿನ ಪಕ್ಕ ಇನ್ನೊಂದು ಮೇಜು ಹಾಕಿ, ಮತದಾರರ ನೋಂದಣಿಗೆ. ಫೋನು ಮತ್ತು ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಇದ್ದರೆ ಊಟದ ಸರದಿ ಬರುವುದರೊಳಗೆ ಮುಗಿಯುತ್ತದೆ. ಪ್ರತಿ ಬರೋಗೆ ಇಬ್ಬರು, ಒಬ್ಬರು ಮನೆ ಇದ್ದವರು, ಒಬ್ಬರು ಬಾಡಿಗೆಯವರು, ವಾರಕ್ಕೊಮ್ಮೆ ಕೌನ್ಸಿಲ್ ಪ್ರಕಟಿಸುವ ಅರ್ಜಿಗಳ ಪಟ್ಟಿ ನೋಡಿ, ದೊಡ್ಡದೇನಾದರೂ ಇದ್ದರೆ ಗುಂಪಿಗೆ ಕನ್ನಡದಲ್ಲಿ ನಾಲ್ಕು ಸಾಲು ಹಾಕಲಿ. ಹ್ಯಾರೋ ಪಟ್ಟಿಯನ್ನು ನಾನು ನೋಡುತ್ತೇನೆ. ನನ್ನ ಜೊತೆಗೆ ಬಾಡಿಗೆ ಮನೆಯವರು ಒಬ್ಬರು ಬೇಕು.

ಇಂತಿ ನಿಮ್ಮ ನೆರೆಯವ,
ಹ್ಯಾರೋ ಕನ್ನಡಿಗ